ದನಿಗೆ ಎರಡು ಬೀಗ

ಅವಳಿಗೆ ‘ರೇಡಿಯೊ’ ಎಂದು ಅಡ್ಡಹೆಸರಿಟ್ಟವನು ಗಂಡನೇ. ಮದುವೆಯಾದ ಹೊಸದರಲ್ಲಿ ಒಬ್ಬ ಗಿರಾಕಿಯ ಎದುರು, ‘ನಮ್ಮನೆಗೆ ರೇಡಿಯೊ ತರೋದು ಬೇಡ ಅಂತ ಮದುವೆ ಆದೆ’ ಎಂದಿದ್ದ. ಮಾತು ಬೀದಿಯಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗಿ ಹೆಸರಾಗಿ ನಿಂತುಬಿಟ್ಟಿತು. ಅವಳು ಬೇಸರಪಟ್ಟುಕೊಂಡವಳಲ್ಲ. ಬೀಗ ರಿಪೇರಿ ಅಂಗಡಿಯಲ್ಲಿ ಒಬ್ಬರಾದರೂ ಬಾಯಿ ಬಿಡಬೇಕಲ್ಲ. ಅವನು ಕೆಲಸಕ್ಕೆ ಕೂತನೆಂದರೆ ಕಣ್ಣು, ಕಿವಿ, ಬೆರಳು ಎಲ್ಲವೂ ಬೀಗದ ಹೊಟ್ಟೆಯೊಳಗೆ. ಗಿರಾಕಿಯನ್ನು ಕೂರಿಸುವುದು, ಕಾಯಿಸುವುದು, ಕಾದು ಸಿಟ್ಟಾದವರನ್ನು ನಗಿಸಿ ಕಳಿಸುವುದು ಅವಳ ಪಾಲಿನ ಕೆಲಸ.

ಅವನಷ್ಟು ಕಟ್ಟುನಿಟ್ಟಿನ ಬೀಗದವನು ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಅವನಿಗೆ ಕೆಲವು ನೇಮಗಳಿದ್ದವು. ತಿಜೋರಿ ತೆರೆಯುವಾಗ ಎಡ ಭುಜವನ್ನು ಅಡ್ಡ ತಿರುಗಿಸಿ ಕೂರುತ್ತಿದ್ದ. ತಿಜೋರಿಯ ಯಜಮಾನನೇ ಪಕ್ಕದಲ್ಲಿ ನಿಂತಿದ್ದರೂ ಕೈ ಓಡುವುದು ಕಾಣಬಾರದು. ಹೊಸ ಕೀಲಿ ಕೊಟ್ಟಮೇಲೆ ಅದರ ಅಚ್ಚನ್ನು ಗಿರಾಕಿಯ ಕಣ್ಣೆದುರೇ ಮುರಿದುಹಾಕುತ್ತಿದ್ದ. ಒಂದು ಬಾಗಿಲಿಗೆ ಎರಡು ಬೀಗ ಹಾಕುವುದಾದರೆ ಎರಡೂ ಒಂದೇ ಕಂಪನಿಯವು ಆಗಕೂಡದು. ಒಂದರ ಗುಟ್ಟು ತಿಳಿದವನಿಗೆ ಇನ್ನೊಂದು ಅಡ್ಡ ಬರಬೇಕು. ಈ ನೇಮಗಳಿಂದಲೇ ಜನ ಅವನನ್ನು ನಂಬಿದ್ದರು. ಅವಳೂ ನಂಬಿದ್ದಳು.

ಗಂಟಲಲ್ಲಿ ಗಂಟು ಕಂಡದ್ದು, ಪರೀಕ್ಷೆಗಳು ಮುಗಿದದ್ದು, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದು, ಎಲ್ಲ ಒಂದೇ ಬೇಸಿಗೆಯಲ್ಲಿ. ಆಪರೇಷನ್ನಿಗೆ ಮೊದಲು ನಿಮ್ಮ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದವರೂ ಆ ಡಾಕ್ಟರೇ. ಅವಳ ತಮ್ಮ ಜಾಹೀರಾತುಗಳಿಗೆ ದನಿ ಮುದ್ರಿಸುವ ಕೆಲಸದಲ್ಲಿದ್ದ. ಗೋಡೆಗಳಿಗೆ ಕಂಬಳಿ ಹೊದಿಸಿದ ಸಣ್ಣ ಕೋಣೆಯಲ್ಲಿ ಅಕ್ಕನನ್ನು ಮೈಕಿನ ಮುಂದೆ ಕೂರಿಸಿದ.

‘ಮುಂದೆ ಯಾವ ಮಾತು ಬೇಕಾಗುತ್ತೆ ಅಂತ ಈಗಲೇ ನನಗೇನು ಕನಸು ಬೀಳುತ್ತಾ?’ ಎಂದಳು. ದನಿ ಆಗಲೇ ಸ್ವಲ್ಪ ಒಡೆದಿತ್ತು.

‘ದಿನಾ ಏನು ಮಾತಾಡ್ತೀಯೋ ಅದನ್ನೇ ಹೇಳು ಅಕ್ಕ.’

‘ದಿನಾ ನಿನ್ನ ಭಾವನ್ನ ಬೈತೀನಿ.’

‘ಹಾಗಾದ್ರೆ ಅಲ್ಲಿಂದಲೇ ಶುರು ಮಾಡು.’

ಹಾಗೆ ಶುರುವಾಯಿತು. ಬನ್ನಿ, ಕೂತ್ಕೊಳ್ಳಿ, ಯಾವ ಬೀಗ, ಬಾಗಿಲದ್ದಾ ಗಾಡಿದಾ, ಊಟಕ್ಕೆ ಬರ್ತೀರೋ ಇಲ್ಲಾ ಬೀಗಾನೇ ತಿಂತೀರೋ. ‘ಬೇಡ’ ಎಂಬ ಒಂದೇ ಮಾತನ್ನು ಮೂರು ಬಗೆಯಲ್ಲಿ ಹೇಳಿಟ್ಟಳು: ಉಪಚಾರಕ್ಕೆ ಅನ್ನುವ ಬೇಡ, ಮುನಿಸಿನ ಬೇಡ, ನಿಜವಾಗಿಯೂ ಬೇಡ. ಗಂಡನಿಗಾಗಿ ವಿಶೇಷವಾಗಿ ಒಂದು: ‘ನಿಮ್ಮ ತಲೆಗೆ ಬೀಗ ಜಡಿದು ಕೀಲಿ ಒಳಗೇ ಬಿಟ್ಟಿದ್ದೀರಿ.’ ಇದನ್ನು ಹೇಳುವಾಗ ಗಾಜಿನ ಆಚೆ ತಮ್ಮ ನಕ್ಕ. ಅವನ ನಗು ಕಂಡು ಅವಳೂ ನಕ್ಕಳು. ಆ ನಗು ಮಾತಿನ ಬಾಲಕ್ಕೆ ಅಂಟಿಕೊಂಡೇ ಮುದ್ರಣವಾಯಿತು. ಕತ್ತರಿಸಲೇ ಎಂದು ಅವನು ಕೇಳಿದ್ದಕ್ಕೆ, ಇರಲಿ ಬಿಡು ಎಂದಳು.

ಎಲ್ಲವನ್ನೂ ಸೇರಿಸಿ ತಮ್ಮ ಒಂದೇ ಒಂದು ಪ್ರೋಗ್ರಾಂ ಮಾಡಿಕೊಟ್ಟ. ಅದಕ್ಕೆ ಕಂಪನಿಯಿಲ್ಲ, ಮುದ್ರೆಯಿಲ್ಲ, ತಾನೇ ಬರೆದದ್ದು. ಕಂಪ್ಯೂಟರಿನಲ್ಲಿ ಬೇರೇನು ತೆರೆದಿದ್ದರೂ ಸರಿ, ಕೀಬೋರ್ಡಿನ ಮೇಲಿನ ಸಾಲಿನ ಒಂದು ಗುಂಡಿ ಒತ್ತಿದರೆ ಅವಳ ಮಾತು ಬರುತ್ತಿತ್ತು. ಜೊತೆಗೆ ಇನ್ನೊಂದನ್ನು ಹಿಡಿದರೆ ಮತ್ತೊಂದಿಷ್ಟು ಮಾತು. ಅದಕ್ಕಾಗಿ ಅದು ಅವಳ ಪ್ರತಿಯೊಂದು ಒತ್ತನ್ನೂ ಸದಾ ಕಿವಿಗೊಟ್ಟು ಕೇಳುತ್ತಿರಬೇಕಿತ್ತು.

ಪ್ರೋಗ್ರಾಂ ಒಪ್ಪಿಸುವ ದಿನ ಗಂಡ ಅವಳನ್ನು ಕರೆದುಕೊಂಡು ತಮ್ಮನ ಕೋಣೆಗೇ ಹೋದ. ‘ಮೂಲದ ರೆಕಾರ್ಡಿಂಗ್ ನಿನ್ನ ಹತ್ರ ಇರುತ್ತಾ?’

‘ಇರುತ್ತೆ ಭಾವ. ಒಂದು ಕಾಪಿ ಇದ್ರೆ ಒಳ್ಳೇದಲ್ವಾ.’

‘ನಾಲ್ಕು ಜನ ಬಂದು ಹೋಗೋ ಜಾಗ ಇದು. ಅವಳ ದನಿ ಕಂಡವರ ಮನೇಲಿ ಬಿದ್ದಿರೋದು ಬೇಡ. ಅಳಿಸು.’

‘ಭಾವ, ಇದೇನು ಕೀಲಿ ಅಚ್ಚಾ?’

‘ಅಳಿಸು ಅಂದ್ನಲ್ಲ.’

ತಮ್ಮ ಅಕ್ಕನ ಮುಖ ನೋಡಿದ. ಆಪರೇಷನ್ ಆಗಿ ಹೊಲಿಗೆ ಬಿಚ್ಚಿದ ಹೊಸದು, ಕತ್ತಿನ ಬುಡದಲ್ಲಿ ಉಸಿರಿನ ರಂಧ್ರ, ಅದರ ಮೇಲೊಂದು ಬಿಳಿ ಬಟ್ಟೆ. ಅವಳು ಆಗಲಿ ಎಂದು ತಲೆಯಾಡಿಸಿದಳು. ಗಂಡನಿಗೆ ತನ್ನ ದನಿಯ ಮೇಲೆ ಇಷ್ಟು ಹಕ್ಕಿನ ಕಾಳಜಿ ಇದೆಯಲ್ಲ ಎಂದು ಆಗ ಒಳಗೊಳಗೇ ಹಿಗ್ಗಿದ್ದಳು ಕೂಡ. ಆ ಹಿಗ್ಗನ್ನು ನೆನೆದರೆ ಈಗ ಅವಳಿಗೆ ತನ್ನ ಮೇಲೇ ಹೇಸಿಗೆ.

ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಬಾಗಿಲು. ಬಾಗಿಲ ಪಕ್ಕದಲ್ಲಿ, ಮನೆಯ ಒಳಗಡೆ, ಅವಳ ಕಂಪ್ಯೂಟರ್ ಮೇಜು. ತಮ್ಮ ಅಲ್ಲಿಂದ ತಂತಿ ಎಳೆದು ಅಂಗಡಿಯ ಕೌಂಟರಿನ ಕೆಳಗೆ ಒಂದು ಸ್ಪೀಕರ್ ಕೂರಿಸಿದ. ಕೌಂಟರಿನ ಮೇಲೆ, ಗಿರಾಕಿಗಳು ಒತ್ತಿ ಕರೆಯುವ ಹಿತ್ತಾಳೆಯ ಗಂಟೆ ಮೊದಲಿನಿಂದಲೂ ಇತ್ತು. ಟಿಣ್ ಎಂದರೆ ಒಳಗಿಂದ ಅವಳ ಹಳೆಯ ದನಿ: ‘ಬನ್ನಿ, ಕೂತ್ಕೊಳ್ಳಿ.’

‘ಅಕ್ಕ, ಡೂಪ್ಲಿಕೇಟ್ ಯಾವಾಗ ಸಿಗುತ್ತೆ?’

‘ಇವರು ಈಗ ಅಂದ್ರೆ ನಾಳೆ, ನಾಳೆ ಅಂದ್ರೆ ಆಚೆ ವಾರ.’

ಗಿರಾಕಿ ನಗುತ್ತಿದ್ದ. ಅದೇ ಹಳೆಯ ಹಾಸ್ಯ, ಅದೇ ಏರಿಳಿತ. ಒಂದೊಂದು ಮಾತನ್ನು ನೂರಾರು ಸಲ ಕೇಳಿದವರೂ ಬೇಸರಿಸುತ್ತಿರಲಿಲ್ಲ. ಮೊದಲಾದರೂ ಅವಳು ಅದನ್ನೇ ತಾನೆ ಹೇಳುತ್ತಿದ್ದದ್ದು. ಆಸ್ಪತ್ರೆಯವರು ಕತ್ತಿಗೆ ಹಿಡಿದು ಮಾತಾಡುವ ಒಂದು ಯಂತ್ರವನ್ನೂ ಕೊಟ್ಟಿದ್ದರು. ವಿಕಿರಣ ಚಿಕಿತ್ಸೆಯಲ್ಲಿ ಅವಳ ಕತ್ತಿನ ಚರ್ಮ ಹಲಗೆಯಂತೆ ಗಟ್ಟಿಯಾಗಿತ್ತು. ಯಂತ್ರದಿಂದ ದುಂಬಿಯ ಗುಂಯ್ ಅಲ್ಲದೆ ಬೇರೇನೂ ಬರಲಿಲ್ಲ. ಅದನ್ನು ಕಪಾಟಿಗೆ ಸೇರಿಸಿದಳು. ಬಾಕಿ ಮಾತಿಗೆ ಅಂಗಡಿಯ ಸ್ಲೇಟು, ಸೀಮೆಸುಣ್ಣ. ಸ್ಲೇಟಿನ ಮೇಲೆ ಬೈಯುವುದು ಕಷ್ಟ. ಗಂಡ ಕನ್ನಡಕ ಹುಡುಕುವಷ್ಟರಲ್ಲಿ ಸಿಟ್ಟು ಆರಿಹೋಗುತ್ತಿತ್ತು.

ಹೀಗಿರುವಾಗ ಎದುರು ಸಾಲಿನ ಫೋಟೊ ಅಂಗಡಿಯವನು ಒಂದು ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕುಸಿದ. ಅವನ ಕಂಪ್ಯೂಟರಿನಲ್ಲಿದ್ದ ಅಷ್ಟೂ ಫೋಟೊಗಳಿಗೆ ಯಾರೋ ಎಲ್ಲಿಂದಲೋ ಬೀಗ ಹಾಕಿದ್ದರು. ತೆರೆಯಲು ಹೋದರೆ, ಕೀಲಿ ಬೇಕಾದರೆ ನಮ್ಮನ್ನು ಸಂಪರ್ಕಿಸಿ ಎಂಬ ಒಂದು ಸಾಲು.

‘ಬೀಗ ಅವರದು, ಬಾಗಿಲು ನಿಮ್ಮದಾ?’ ಎಂದ ಬೀಗದವನು. ಅವನ ಮುಖ ಬಿಳುಚಿತ್ತು. ಕಳ್ಳರು ಬೀಗ ಒಡೆಯುವುದನ್ನು ಜೀವಮಾನವಿಡೀ ಕಂಡಿದ್ದ. ಕಳ್ಳರೇ ಬೀಗ ಹಾಕಿ ಹೋಗುವುದು ಅವನ ಕಸುಬಿನ ಲೆಕ್ಕಕ್ಕೇ ಸಿಗದ ಸಂಗತಿ. ಫೋಟೊ ಅಂಗಡಿಯವನು ಹೋದಮೇಲೆ ಒಳಗೆ ಬಂದು ಹೆಂಡತಿಯ ಮೇಜಿನ ಬಳಿ ನಿಂತ. ‘ನಾಳೆ ನಿನ್ನ ದನಿಗೇ ಹೀಗೆ ಜಡಿದು ಹೋದ್ರೆ?’

ಅಂದಿನಿಂದ ಅವನಿಗೆ ಬೇರೆ ಧ್ಯಾನವಿರಲಿಲ್ಲ. ಸಿಕ್ಕಸಿಕ್ಕವರನ್ನು ಆ್ಯಂಟಿವೈರಸ್ ಬಗ್ಗೆ ಕೇಳಿದ. ಯಾವುದು ಹೆಚ್ಚು ಹಿಡಿಯುತ್ತದೆ, ಯಾವುದು ಕಂಪ್ಯೂಟರನ್ನು ನಿಧಾನ ಮಾಡುತ್ತದೆ, ಫೈರ್‌ವಾಲ್ ಒಳಬರುವುದನ್ನಷ್ಟೇ ತಡೆಯುತ್ತದೋ ಹೊರಹೋಗುವುದನ್ನೂ ತಡೆಯುತ್ತದೋ. ಹೊರಹೋಗುವುದನ್ನೂ ಕೇಳಿ ಬಿಡುವಂಥದ್ದೇ ಬೇಕು ಎಂದು ಹಟ ಹಿಡಿದ. ಮನೆಯೊಳಗಿಂದ ಏನು ಹೋಗುತ್ತಿದೆ ಎಂದು ಗೊತ್ತಿರದ ಕಾವಲು ಎಂಥ ಕಾವಲು? ಕೊನೆಗೆ ಕಂಪ್ಯೂಟರ್ ಅಂಗಡಿಯವನನ್ನು ಮನೆಗೇ ಕರೆಸಿದ.

‘ಒಂದು ಸಾಕು ಸರ್,’ ಎಂದ ಅಂಗಡಿಯವನು. ‘ಫೈರ್‌ವಾಲ್ ಇದರಲ್ಲೇ ಇದೆ. ಮೇಲೆ ಇನ್ನೊಂದು ಆ್ಯಂಟಿವೈರಸ್ ಹಾಕ್ಬೇಡಿ. ಎರಡೂ ಒಂದನ್ನೊಂದು ಕಳ್ಳ ಅಂದ್ಕೊಂಡು ಕಚ್ಚಾಡ್ತವೆ.’

‘ನಿಮ್ಮ ಹತ್ರ ಇದೊಂದೇ ಇದೆ ಅಂತ ಹೇಳಿ.’

‘ಇಲ್ಲ ಸರ್, ಬೇಕಾದ್ರೆ ನಾಲ್ಕು ಇವೆ. ಮಾರೋನೇ ಬೇಡ ಅಂತಿದ್ದೀನಿ ಅಂದ್ರೆ...’

‘ಅದೇ ನನಗೂ ಅನುಮಾನ,’ ಎಂದ ಬೀಗದವನು. ‘ನನ್ನ ಅಂಗಡಿಗೆ ಬಂದವರಿಗೆ ಒಂದೇ ಬೀಗ ಸಾಕು ಅಂತ ನಾನು ಯಾವತ್ತೂ ಹೇಳಿಲ್ಲ.’

ಅಂಗಡಿಯವನು ಅವಳ ಕಡೆ ತಿರುಗಿ, ನೀವಾದರೂ ಹೇಳಿ ಎಂಬಂತೆ ನೋಡಿದ. ಅವಳಿಗೆ ಅವನ ಮಾತು ಸರಿಯೆನಿಸಿತ್ತು. ಆದರೆ ಎರಡು ಆ್ಯಂಟಿವೈರಸ್ ಹಾಕಬೇಡಿ ಎಂದು ಹೇಳಬೇಕಾದೀತು ಎಂದು ಆ ಕಂಬಳಿ ಕೋಣೆಯಲ್ಲಿ ಯಾರಿಗೆ ಹೊಳೆದಿತ್ತು? ಇದ್ದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕಿ, ಕೊನೆಗೆ ಮೂರನೆಯ ‘ಬೇಡ’ದ ಗುಂಡಿ ಒತ್ತಿದಳು. ನಿಜವಾದ ಬೇಡ.

‘ನೋಡಿ, ಇವಳು ಹೀಗೇ. ಏನು ತಂದರೂ ಮೊದಲು ಬೇಡ ಅಂತಾಳೆ,’ ಎಂದು ಗಂಡ ನಕ್ಕ. ‘ಅದು ಉಪಚಾರದ ಬೇಡ.’

ಅಲ್ಲ ಎನ್ನಲು ಸ್ಲೇಟಿಗೆ ಕೈಹಾಕಿದಳು. ಅವನಾಗಲೇ ಅಂಗಡಿಯವನ ಹೆಗಲ ಮೇಲೆ ಕೈಯಿಟ್ಟು ಬಾಗಿಲವರೆಗೆ ಹೋಗಿದ್ದ.

ಒಂದನ್ನು ಆ ಅಂಗಡಿಯವನಿಂದ ಹಾಕಿಸಿಕೊಂಡಾಗಿತ್ತು. ಇನ್ನೊಂದನ್ನು ಬೇರೆ ಕಡೆಯಿಂದ ತಂದು, ಕನ್ನಡಕ ಮೂಗಿಗೇರಿಸಿ, ಪ್ರತಿ ಸಾಲನ್ನೂ ಬೆರಳಿಟ್ಟು ಓದಿ ತಾನೇ ಹಾಕಿದ. ಶುರುವಿನಲ್ಲೇ ಎರಡನೆಯದು, ಇಲ್ಲಿ ಈಗಾಗಲೇ ಇನ್ನೊಂದು ಇದೆ, ಮೊದಲು ಅದನ್ನು ತೆಗೆಯಿರಿ ಎಂದಿತು. ‘ಎಲ್ಲ ಕಂಪನಿಯವರೂ ಹೀಗೇ. ಇನ್ನೊಬ್ಬನ ಬೀಗ ಕಂಡ್ರೆ ಆಗಲ್ಲ,’ ಎಂದುಕೊಂಡು ಮುಂದಕ್ಕೊತ್ತಿದ. ವೈರಸ್ ಸಿಕ್ಕರೆ ಏನು ಮಾಡಲಿ ಎಂದು ಕೇಳಿದಾಗ, ‘ಮತ್ತೆ ಸಿಗದಂತೆ ಅಳಿಸು’ ಎಂಬುದನ್ನು ಆರಿಸಿದ. ಎರಡಕ್ಕೂ ಪಾಸ್‌ವರ್ಡ್ ಇಟ್ಟ. ಪೆನ್‌ಡ್ರೈವಿನಿಂದ ರೋಗ ಬರುತ್ತದೆ ಎಂದು ಓದಿ, ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳಿಗೆ ಅಂಟುಪಟ್ಟಿ ಹಚ್ಚಿದ. ಮುಗಿಸಿ ಎದ್ದಾಗ ಕಂಪ್ಯೂಟರಿನಿಂದ ಒಂದು ಎಳೆಯ ಹೆಣ್ಣುದನಿ, ಸ್ಪಷ್ಟವಾಗಿ, ಯಾವ ಊರಿನದೂ ಅಲ್ಲದ ಉಚ್ಚಾರದಲ್ಲಿ, ‘ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ’ ಎಂದಿತು. ಅವಳ ಮೇಜಿನಿಂದ ಇನ್ನೊಂದು ಹೆಣ್ಣುದನಿ ಹೊರಟದ್ದು ಅದೇ ಮೊದಲು.

ಆ ವಾರ ತಮ್ಮ ಬಂದ. ಎರಡೆರಡು ಗುರುತುಗಳು ಮೂಲೆಯಲ್ಲಿ ಮಿನುಗುವುದನ್ನು ನೋಡಿ ತಲೆ ಚಚ್ಚಿಕೊಂಡ. ‘ಭಾವ, ಒಂದನ್ನ ತೆಗೀರಿ. ಇಲ್ಲಾಂದ್ರೆ ಅಕ್ಕನ ಪ್ರೋಗ್ರಾಮಿಗೆ ಒಂದು ಕಾಪಿ ಮಾಡೋಕಾದ್ರೂ ಬಿಡಿ.’

‘ಕಾಪಿ ಅನ್ನೋದೇ ಕನ್ನ,’ ಎಂದ ಭಾವ.

ಭಾವ ಅಂಗಡಿಯಲ್ಲಿ ಕೀಲಿಗೆ ಅರ ಉಜ್ಜುತ್ತಿದ್ದ ಹೊತ್ತಿನಲ್ಲಿ ತಮ್ಮ ಏನೋ ಟೈಪ್ ಮಾಡಿ, ಅಕ್ಕನಿಗೆ ಕಣ್ಸನ್ನೆ ಮಾಡಿದ. ಕಿವಿಯ ಬಳಿ ಪಿಸುಗುಟ್ಟಿದ. ‘ಒಂದು ಪ್ರತಿ ತಾನಾಗೇ ನನ್ನ ಮನೆಗೆ ಬರುತ್ತೆ. ದೊಡ್ಡ ಫೈಲು. ಸಂಜೆ ಇಂಟರ್ನೆಟ್ ಲೈನು ಖಾಲಿ ಇರೋವಾಗ ಹೊರಡೋ ಹಾಗೆ ಇಟ್ಟಿದ್ದೀನಿ. ಭಾವಂಗೆ ಹೇಳ್ಬೇಡ.’ ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ಅವಳು ಅವನ ಕೆನ್ನೆಗೆ ಮೆಲ್ಲಗೆ ಬಡಿದಳು.

ಸಂಜೆ ಅವಳು ಅಡುಗೆಮನೆಯಲ್ಲಿದ್ದಳು. ಗಂಡ ಅವಳ ಮೇಜಿನೆದುರು ಕೂತಿದ್ದ. ಕಾವಲು ಹೇಗೆ ನಡೆದಿದೆ ಎಂದು ದಿನವೂ ನೋಡುವುದು ರೂಢಿಯಾಗಿತ್ತು. ಇದ್ದಕ್ಕಿದ್ದಂತೆ ಅವನ ದನಿ ಏರಿತು. ‘ಬಾ ಇಲ್ಲಿ, ನೋಡು. ಯಾವುದೋ ಅಪರಿಚಿತ ಪ್ರೋಗ್ರಾಂ ಇಲ್ಲಿಂದ ಫೈಲ್ ಹೊರಗೆ ಸಾಗಿಸ್ತಿದೆಯಂತೆ. ಬಿಡಲೋ ತಡೀಲೋ ಅಂತ ಕೇಳ್ತಿದೆ. ಸಿಕ್ಕಿಬಿತ್ತು ಕಳ್ಳ.’

ಒದ್ದೆ ಕೈಯಲ್ಲೇ ಓಡಿ ಬಂದಳು. ತಡೆ ಎಂಬುದನ್ನು ಅವನು ಒತ್ತಿಯಾಗಿತ್ತು. ಮುಖದಲ್ಲಿ ಬೆಳಕು. ಅಷ್ಟು ಸಂತೋಷದಲ್ಲಿ ಅವನನ್ನು ಅವಳು ಬಹಳ ಕಾಲದಿಂದ ಕಂಡಿರಲಿಲ್ಲ. ಸ್ಲೇಟಿನ ಮೇಲೆ ‘ಅದು ತಮ್ಮ’ ಎಂದು ಬರೆದಳು. ಬರೆದು, ಅಳಿಸಿದಳು. ತಮ್ಮನಿಗೂ ಗಂಡನಿಗೂ ಜಗಳವಾಗುತ್ತದೆ. ಈ ಭಾನುವಾರ ತಮ್ಮ ಬಂದಾಗ ಮೂವರೂ ಕೂತು ಮಾತಾಡಿದರಾಯಿತು ಎಂದುಕೊಂಡಳು.

ಭಾನುವಾರದವರೆಗೆ ಏನೂ ಉಳಿಯಲಿಲ್ಲ. ಮರುದಿನವೇ ಬೆಳಿಗ್ಗೆ ಅಂಗಡಿಯ ಗಂಟೆ ಟಿಣ್ ಎಂದಿತು. ಅವಳು ಮೊದಲ ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಎರಡನೆಯದು, ಮೂರನೆಯದು, ಸಾಲಿಗೆ ಸಾಲು. ಗುಂಡಿಗಳ ಟಕ್ ಟಕ್ ಬಿಟ್ಟು ಬೇರೆ ಸದ್ದಿಲ್ಲ. ಆಮೇಲೆ ಕೌಂಟರಿನ ಕೆಳಗಿನ ಸ್ಪೀಕರಿನಿಂದ ಆ ಎಳೆಯ ಹೆಣ್ಣು ಗಿರಾಕಿಗೆ ಹೇಳಿತು: ‘ಬೆದರಿಕೆಯನ್ನು ನಿವಾರಿಸಲಾಗಿದೆ.’

‘ಯಾರಮ್ಮಾ ಇದು, ರೇಡಿಯೊ ಸ್ಟೇಷನ್ ಬದಲಾಯ್ತಾ?’ ಎಂದ ಗಿರಾಕಿ.

ತಮ್ಮ ಕೆಲಸ ಬಿಟ್ಟು ಓಡಿ ಬಂದ. ಇಡೀ ದಿನ ಕೂತು ಹುಡುಕಿದ. ಆದದ್ದು ಇಷ್ಟು. ರಾತ್ರಿ ಮೊದಲ ಆ್ಯಂಟಿವೈರಸ್ ಎಲ್ಲವನ್ನೂ ತಪಾಸಣೆ ಮಾಡುವಾಗ ಅವಳ ಪ್ರೋಗ್ರಾಂ ಕಣ್ಣಿಗೆ ಬಿದ್ದಿತ್ತು. ಮುದ್ರೆಯಿಲ್ಲ, ಕಂಪನಿಯಿಲ್ಲ, ಮೇಲಾಗಿ ಕೀಬೋರ್ಡಿನ ಒತ್ತುಗಳನ್ನೆಲ್ಲ ಸದಾ ಕೇಳುತ್ತಿರುತ್ತದೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮುಗಳೂ ಹಾಗೇ ಮಾಡುವುದು. ಎತ್ತಿ ಕ್ವಾರಂಟೈನಿನಲ್ಲಿ ಹಾಕಿತು. ಅದೊಂದೇ ಇದ್ದಿದ್ದರೆ ಒಂದು ಗುಂಡಿ ಒತ್ತಿ ಬಿಡಿಸಿಕೊಳ್ಳಬಹುದಿತ್ತು. ಆದರೆ ಎರಡನೆಯದು ಬಂದು ಆ ಕ್ವಾರಂಟೈನ್ ಕೋಣೆಯಲ್ಲಿ ಇಣುಕಿ, ಇಲ್ಲಿ ವೈರಸ್ ಬಚ್ಚಿಟ್ಟಿದ್ದಾರೆ ಎಂದು ತೀರ್ಮಾನಿಸಿ, ತನಗೆ ಹೇಳಿಕೊಟ್ಟಂತೆ ಮಾಡಿತು. ಮತ್ತೆ ಸಿಗದಂತೆ ಅಳಿಸಿತು. ತಮ್ಮ ತನ್ನ ಕೋಣೆಯ ಕಂಪ್ಯೂಟರನ್ನೂ ಕೆದಕಿ ನೋಡಿದ. ಭಾವನೆದುರು ಅಳಿಸಿದ ಜಾಗದ ಮೇಲೆ ಸೋಪಿನ, ಚಪ್ಪಲಿಯ, ಹಾಸಿಗೆಯ ಜಾಹೀರಾತುಗಳು ಪದರ ಪದರವಾಗಿ ಕೂತಿದ್ದವು.

ಭಾವನಿಂದ ಪಾಸ್‌ವರ್ಡ್ ಹಾಕಿಸಿ, ಎರಡನೆಯದನ್ನು ತೆಗೆದುಹಾಕಿ ತಮ್ಮ ಎದ್ದ. ಭಾವನ ಕಡೆ ತಿರುಗಿ, ‘ಹೊರಗೆ ಹೋಗ್ತಿದ್ದ ಕಳ್ಳನ್ನ ಹಿಡಿದ್ರಲ್ಲ. ಅದು ನಾನು,’ ಎಂದ.

‘ಕದ್ದು ಮಾಡಿದ್ಯಾಕೆ? ಕೇಳಿದ್ರೆ ಬಿಡ್ತಿರಲಿಲ್ವಾ?’

‘ಕೇಳಿದ್ನಲ್ಲ ಭಾವ.’

ಬೀಗದವನು ಬಗ್ಗಿ ಪರದೆಯ ಮೇಲಿದ್ದದ್ದನ್ನು ಓದಿದ. ‘ಪ್ರತಿ ಒತ್ತನ್ನೂ ಕದ್ದು ಕೇಳ್ತಿತ್ತು ಅಂತ ಬರೆದಿದೆ. ನೀನು ಬರೆದದ್ದೇ ಹಾಗಿತ್ತು. ಹಿಡಿದ ಆ್ಯಂಟಿವೈರಸ್ಸಿನ ತಪ್ಪೇನು?’ ಎಂದು ಅಂಗಡಿಗೆ ಹೋದ. ಅರ ಉಜ್ಜುವ ಸದ್ದು ಶುರುವಾಯಿತು.

ತಮ್ಮ ಅಕ್ಕನ ಪಕ್ಕ ಕೂತು ಇನ್ನೊಂದು ದಾರಿ ಹೇಳಿದ. ಟೈಪ್ ಮಾಡಿದ್ದನ್ನೆಲ್ಲ ಓದುವ ಸಿದ್ಧ ದನಿ ಇದೆ, ಇಂಟರ್ನೆಟ್‌ನಿಂದ ಬರುತ್ತದೆ, ಯಾವ ಮಾತನ್ನಾದರೂ ಹೇಳಿಸಬಹುದು. ತನ್ನ ಫೋನಿನಲ್ಲಿ ಒಂದು ಸಾಲು ಕೇಳಿಸಿದ. ಅದೇ ಬಗೆಯ ಎಳೆಯ ದನಿ, ಬೆದರಿಕೆ ನಿವಾರಿಸಿದವಳ ತಂಗಿಯಂಥವಳು. ಅವಳು ಕೈಯೆತ್ತಿ ಸಾಕು ಎಂದಳು.

ಮಾತಿಲ್ಲದ ಮನೆಯಲ್ಲಿ ದಿನಗಳು ಕಳೆದವು. ಗಂಡ ಕ್ಷಮಿಸು ಎನ್ನಲಿಲ್ಲ. ಹಾಗೆಂದು ಒರಟಾಗಿಯೂ ಇರಲಿಲ್ಲ. ನೀರು ತುಂಬಿಡುತ್ತಿದ್ದ, ಅವಳ ಔಷಧಿ ತಾನೇ ತರುತ್ತಿದ್ದ. ಒಂದು ಮಧ್ಯಾಹ್ನ ಅವಳು ಸುಮ್ಮನೆ ಮೇಜಿನೆದುರು ಕೂತು ಮೇಲಿನ ಸಾಲಿನ ನಾಲ್ಕನೆಯ ಗುಂಡಿ ಒತ್ತಿದಳು. ತಲೆಗೆ ಬೀಗ ಜಡಿದ ಮಾತಿನ ಗುಂಡಿ ಅದು. ಕೊನೆಯಲ್ಲಿ ನಗು ಇದ್ದದ್ದು. ಟಕ್ ಎಂದಿತು.

‘ಬಂದೆ, ಬಂದೆ,’ ಎಂದ ಅವನು ಅಂಗಡಿಯಿಂದ. ‘ಊಟಕ್ಕೆ ತಾನೆ?’

ಊಟದ್ದು ಸಾಲಿನ ಆ ತುದಿಯ ಅಗಲದ ಗುಂಡಿ. ಅದರ ಸದ್ದೇ ಬೇರೆ, ಮೆತ್ತಗೆ. ಮುಚ್ಚಿದ ತಿಜೋರಿಗೆ ಕಿವಿಯಿಟ್ಟು ಒಳಗಿನ ತಗಡು ಯಾವುದು ಕದಲಿತೆಂದು ಹೇಳಬಲ್ಲ ಮನುಷ್ಯನಿಗೆ ಆ ಎರಡರ ವ್ಯತ್ಯಾಸ ತಿಳಿಯದೆ? ಅವಳು ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದಳು.

‘ಬಂದೆ ಅಂದ್ನಲ್ಲ.’

ಇದಾದ ಕೆಲವು ದಿನಕ್ಕೆ ಫೋಟೊ ಅಂಗಡಿಯವನು ಕೌಂಟರಿಗೆ ಬಂದು, ದನಿ ತಗ್ಗಿಸಿ ಕೇಳುವುದು ಬಾಗಿಲ ಈಚೆ ಕೂತಿದ್ದ ಅವಳಿಗೆ ಕೇಳಿಸಿತು. ‘ಪಾಪ, ಅಕ್ಕನಿಗೆ ನಿಮ್ಮ ಮೇಲೆ ಕೋಪ ಇರಬೇಕಲ್ಲ?’

‘ಏ, ಇಲ್ಲಪ್ಪ,’ ಎಂದ ಗಂಡ. ‘ಅವಳೇ ಅಂದಳು, ಹೋಗಿದ್ದು ಹೋಯ್ತು ಬಿಡಿ, ನೀವು ಬೇಕಂತ ಮಾಡಿದ್ರಾ ಅಂತ.’

ಅವಳು ಹಾಗೆ ಅಂದಿರಲಿಲ್ಲ. ಸ್ಲೇಟಿನ ಮೇಲೂ ಅಂದಿರಲಿಲ್ಲ, ಸನ್ನೆಯಲ್ಲೂ ಅಂದಿರಲಿಲ್ಲ. ಫೋಟೊ ಅಂಗಡಿಯವನು ಲೊಚಗುಟ್ಟಿ, ‘ದೊಡ್ಡ ಮನಸ್ಸು’ ಎಂದ. ಅವಳು ಎದ್ದು ಬಾಗಿಲಿಗೆ ಹೋಗಿ ನಿಂತಳು. ಫೋಟೊ ಅಂಗಡಿಯವನು ಅವಳನ್ನು ನೋಡಿ ಗೌರವದಿಂದ ಕೈಮುಗಿದ. ಏನು ಮಾಡುವುದು? ತಲೆಯಾಡಿಸಿ ಅಲ್ಲ ಎಂದರೆ, ಯಾವುದಕ್ಕೆ ಅಲ್ಲ ಎಂದು ಅವನಿಗೆ ಹೇಗೆ ತಿಳಿಯಬೇಕು. ಅವಳು ಒಳಗೆ ಬಂದು ತನ್ನ ಗುಂಡಿ ಫೋನಿನಿಂದ ತಮ್ಮನಿಗೆ ಮೆಸೇಜ್ ಕಳಿಸಿದಳು. ಆ ಹುಡುಗಿಯ ದನಿಯಾದರೂ ಆಗಲಿ. ಬಂದು ಹಾಕು.

ತಮ್ಮ ಬಂದು ಹಾಕಿದ. ಶುರು ಮಾಡಲು ಹೋದಾಗ ಫೈರ್‌ವಾಲ್ ಅಡ್ಡ ಬಂತು. ಅಪರಿಚಿತ ಪ್ರೋಗ್ರಾಂ ಹೊರಗೆ ಸಂಪರ್ಕ ಮಾಡುತ್ತಿದೆ. ಬಿಡಬೇಕಾದರೆ ಪಾಸ್‌ವರ್ಡ್ ಕೊಡಿ. ತಮ್ಮ ಅಂಗಡಿಯ ಕಡೆ ನೋಡಿ ಕರೆದ. ಬೀಗದವನು ಕೈ ಒರೆಸಿಕೊಂಡು ಬಂದು, ಓದಿ, ಕೂತು, ಎಡ ಭುಜವನ್ನು ಅಡ್ಡ ತಿರುಗಿಸಿ ಟೈಪ್ ಮಾಡಿದ. ತಮ್ಮ ಮುಖ ಆಚೆ ಮಾಡಿದ. ‘ಸದಾ ಬಿಡು’, ‘ಈ ಸಲ ಮಾತ್ರ ಬಿಡು’ ಎಂದು ಎರಡು ಆಯ್ಕೆಗಳಿದ್ದವು. ಬೀಗದವನು ಎರಡನೆಯದನ್ನು ಒತ್ತಿ ಎದ್ದ.

ಮರುದಿನ ಕಂಪ್ಯೂಟರ್ ಹಾಕಿದಾಗ ಮತ್ತೆ ಅದೇ ಪ್ರಶ್ನೆ. ಅವನು ಬಂದು ಬಿಡಿಸಿಕೊಟ್ಟ. ಅದರ ಮರುದಿನವೂ. ಅಂದು ಅವನು ಬಿಡಿಸಿಕೊಟ್ಟು ಕುರ್ಚಿಯಿಂದ ಏಳುವ ಮೊದಲೇ ಅವಳು ಟೈಪ್ ಮಾಡಿದಳು. ಎಳೆಯ ದನಿ ಹೇಳಿತು: ‘ಪಾಸ್‌ವರ್ಡ್ ಹೇಳಿ.’

‘ಯಾಕೆ?’

‘ನನ್ನ ಮಾತಿಗೆ ನಿಮ್ಮ ಅಪ್ಪಣೆ ಯಾಕೆ?’ ಎಂದು ದನಿ ಓದಿತು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಯಾವುದೋ ಬಸ್ಸು ತಡವಾಗಿ ಬರುತ್ತದೆ ಎಂದು ತಿಳಿಸುವ ಹಾಗಿತ್ತು.

ಅವನು ಆ ದನಿಯನ್ನು ಕೇಳಲಾರದವನಂತೆ ಮುಖ ಸಿಂಡರಿಸಿದ. ‘ಹಾಗಲ್ಲ. ಪಾಸ್‌ವರ್ಡ್ ಇಬ್ಬರ ಹತ್ರ ಇದ್ರೆ ಅದು ಪಾಸ್‌ವರ್ಡೇ ಅಲ್ಲ. ಒಂದು ಸಲ ಕಳ್ಕೊಂಡು ಬುದ್ಧಿ ಬಂದಿಲ್ವಾ ನಮಗೆ? ನಾನೇನು ಊರು ಬಿಟ್ಟು ಹೋಗ್ತೀನಾ? ಕರೆದ್ರೆ ಬಂದು ಹಾಕಿ ಕೊಡ್ತೀನಲ್ಲ.’

ಅವಳು ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಟೈಪ್ ಮಾಡಿದಳು.

‘ಹೇಗೆ ಕರೆಯಲಿ?’ ಎಂದಿತು ದನಿ.

ಅವನು ತಬ್ಬಿಬ್ಬಾದ. ನಂತರ ಅಂಗಡಿಗೆ ಹೋಗಿ, ಕೌಂಟರಿನ ಮೇಲಿದ್ದ ಹಿತ್ತಾಳೆಯ ಗಂಟೆಯನ್ನು ತಂದು ಕೀಬೋರ್ಡಿನ ಪಕ್ಕ ಇಟ್ಟ. ಅಂಗಿಯ ತೋಳಿನಿಂದ ಅದರ ಮೇಲಿನ ಬೆರಳ ಗುರುತುಗಳನ್ನು ಒರೆಸಿದ. ‘ಇದನ್ನ ಒತ್ತು. ಎಲ್ಲಿದ್ರೂ ಬರ್ತೀನಿ,’ ಎಂದ. ಸಮಸ್ಯೆಯೊಂದು ಬಗೆಹರಿದ ಸಮಾಧಾನ ಅವನ ಮುಖದಲ್ಲಿ ನಿಜವಾಗಿಯೇ ಇತ್ತು.

ಆ ವಾರದಲ್ಲೇ ಒಂದು ದಿನ ಅವನು ದೂರದ ಯಾವುದೋ ಮನೆಯ ಬೀಗ ತೆಗೆಯಲು ಸಲಕರಣೆ ಚೀಲ ಹಿಡಿದು ಹೋದ. ಅವನು ಅತ್ತ ಹೋಗುತ್ತಲೂ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಒಮ್ಮೆ ಆರಿ ಹತ್ತಿತು. ಕಾವಲು ಹೊಸದಾಗಿದೆ, ಸುರಕ್ಷತೆ ಹೆಚ್ಚಿದೆ ಎಂದಿತು. ಪರದೆಯ ನಡುವೆ ಪಾಸ್‌ವರ್ಡ್ ಕೇಳುವ ಚೌಕ ತೆರೆದು ನಿಂತಿತು.

ಅಂಗಡಿಗೆ ಯಾರೋ ಬಂದರು. ಕೌಂಟರಿನ ಮೇಲೆ ಗಂಟೆಗಾಗಿ ತಡವಿದ ಕೈಯ ಸದ್ದು ಕೇಳಿಸಿತು. ಆಮೇಲೆ ಒಬ್ಬ ಹೆಂಗಸಿನ ದನಿ. ‘ಒಳಗೆ ಯಾರಾದರೂ ಇದ್ದೀರಾ?’

ಅವಳು ಮೇಜಿನಿಂದಲೇ ಅಡುಗೆಮನೆಯ ಹಾಲಿನ ಪಾತ್ರೆಯನ್ನು ನೋಡಿದಳು, ಉಕ್ಕುವುದರಲ್ಲಿತ್ತು. ಅದನ್ನು ಬಿಟ್ಟು ಅಂಗಡಿಗೆ ಹೋಗುವಂತಿರಲಿಲ್ಲ. ಒಲೆಗೆ ಓಡುವ ಮೊದಲು ಗಂಟೆಯನ್ನು ಒತ್ತಿದಳು. ಟಿಣ್.

‘ಓ, ನನಗಿಂತ ಮೊದಲೇ ಯಾರೋ ಬಂದು ಕರೀತಿದ್ದಾರೆ,’ ಎಂದಳು ಹೊರಗಿನವಳು ಜೊತೆಯವರಿಗೆ. ‘ಅಂಗಡಿಯವರು ಇಲ್ಲ ಅಂತ ಕಾಣುತ್ತೆ.’

ಅವಳು ಒಲೆ ಆರಿಸಿ ಓಡಿ ಬಂದು ಬಾಗಿಲು ದಾಟುವಷ್ಟರಲ್ಲಿ ಅವರು ಬೀದಿಯ ಆ ಬದಿಗೆ ಹೋಗಿಯಾಗಿತ್ತು. ಕೌಂಟರಿನ ಮೇಲೆ ಗಂಟೆಯಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ದುಂಡು ಗುರುತು. ಅವಳು ಅಲ್ಲಿ ಕೈಯೂರಿ ನಿಂತು, ಅವರ ಬೆನ್ನು ಮರೆಯಾಗುವವರೆಗೆ ನೋಡಿದಳು. ಕೌಂಟರಿನ ಕೆಳಗಿನ ಸ್ಪೀಕರಿನಿಂದ ಕಾವಲಿನ ಎಳೆಯ ಹೆಣ್ಣು, ಕಾಯುತ್ತಿದ್ದೇನೆ ಎಂಬಂತೆ, ಇನ್ನೊಮ್ಮೆ ಪಾಸ್‌ವರ್ಡ್ ಕೇಳಿತು.